ಅರಳಿ ಮ್ಯಾಲಿಟ್ಟ ಕೊಡ್ಲಿ

ಗಬ್ಬೂರಿನ ಮಲ್ಲಿಕಸಾಬನ ಕಸಬು ಹತ್ತಿ ಹಿಂಜೂದು. ಅವನ ಅಪ್ಪ ಪಿಂಜಾರ, ಅಜ್ಜ ಪಿಂಜಾರ, ಅಜ್ಜನ ಅಪ್ಪನೂ ಬಿಲ್ಲು ಹೆಗಲಿಗೆ ಹಾಕ್ಕೊಂಡು ಹಳೇ ಹುಬ್ಬಳ್ಳಿ ಓಣಿ ಓಣಿ ತಿರಗಿದಾವಽ. ಮನಿ ತುಂಬ ಹತ್ತಿ, ಮೀಸಿ ತುಂಬ ಹತ್ತಿ, ಉಣ್ಣೂ ರೊಟ್ಟ್ಯಾಗೂ ಒಂದೊಂದು ಎಳಿ ಹತ್ತಿ. ಇಂಥಾವಗ ಕಬ್ಬಿಣದ ಹುಚ್ಚು ಹಿಡೀತು! ಇಸ್ಪೀಟಿನ ಹುಚ್ಚಿನವರನ್ನ ನೋಡೇವಿ, ಕುಸ್ತಿ ಹುಚ್ಚಿನವರನ್ನ ನೋಡೇವಿ, ನಾಟಕದ ಹುಚ್ಚಿಗೆ ಹೊಲಾ ಮಾರಿದವರನ್ನೂ ನೋಡೇವಿ. ಪಿಂಜಾರಗ ಕುಲುಮಿ ಹುಚ್ಚು ಹಿಡದದ್ದು ಮಾತ್ರ ಗಬ್ಬೂರಾಗ ಯಾರೂ ಕಂಡಿರಲಿಲ್ಲ, ಕೇಳಿರಲಿಲ್ಲ.

ಹುಚ್ಚು ಹತ್ತಿದ್ದು ಊರ ಕಮ್ಮಾರ ಅರ್ಜುನಪ್ಪನ ಕುಲುಮ್ಯಾಗ. ಒಮ್ಮೆ ಬಿಲ್ಲಿಗೆ ಕೊಂಡಿ ಮಾಡಿಸ್ಕೊಳಾಕ ಹೋದಾವ ಅಲ್ಲೇ ಕುಂತಬಿಟ್ಟ. ಕೆಂಪಾದ ಕಬ್ಬಿಣ ಅಡಿಗಲ್ಲಿನ ಮ್ಯಾಲೆ ರೊಟ್ಟಿ ಹಿಟ್ಟಿನಂಗ ಮಣಿಯೂದು ನೋಡಿ ಅವಗ ಮನಿ ಕಡೆ ಹೋಗಬೇಕನ್ನೂದಽ ಮರತು ಹೋತು. ಮರುದಿನ ಮತ್ತ ಹೋದ. ಆಮ್ಯಾಲೆ ಕೆಲಸ ಇದ್ರೂ ಹೋದ, ಇಲ್ಲದಿದ್ರೂ ಹೋದ.

"ಲೇ ಮಲ್ಲಿಕಸಾಬ, ಕಬ್ಬಿಣದ ಅಂಗಡ್ಯಾಗ ನೊಣಕ್ಕ ಏನೋ ಕೆಲಸ?" ಅಂತ ಅರ್ಜುನಪ್ಪ ಛೇಡಸ್ತಿದ್ದ.

"ನೊಣ ಏನೂ ತಿನ್ನೂದಿಲ್ಲ ಕಾಕಾ, ಸುಮ್ಮನ ಕುಂತು ನೋಡತೈತಿ."

ನೋಡತಾ ನೋಡತಾ ನೊಣ ತಿದಿ ಒತ್ತಾಕ ಹತ್ತಿತು, ಸುತ್ತಿಗಿ ಹಿಡೀತು. ಕಡೀಕ ಅರ್ಜುನಪ್ಪನ ಹಳೇ ತಿದಿ ಬೇಡಿ ತಂದು ತನ್ನ ಹಿತ್ತಲದಾಗ ಸಣ್ಣದೊಂದು ಕುಲುಮಿ ಹೂಡೇಬಿಟ್ಟ. ಅಡಿಗಲ್ಲಿನ ಬದಲಿ ಹುಬ್ಬಳ್ಳಿ ಗುಜರಿ ಬಜಾರದಾಗ ಸಿಕ್ಕ ರೈಲು ಪಟ್ಟಿಯ ತುಂಡು. ಹತ್ತಿ ಕೆಲಸ ಮುಗದ ಮ್ಯಾಲೆ ಅಲ್ಲಿ ಕುಂತು ಕುಡಗೋಲು, ಈಳಿಗಿ, ಬಾಗಲದ ಚಿಲಕ ಮಾಡತಿದ್ದ. ಒಂದನ್ನೂ ಮಾರತಿರಲಿಲ್ಲ. ಮಾರಿದ್ರ ಅರ್ಜುನಪ್ಪನ ಅನ್ನದಾಗ ಕೈ ಹಾಕಿದಂಗ ಆಗತೈತಿ ಅಂತ, ಛಲೋ ಆದದ್ದನ್ನ ಒಯ್ದು ಅರ್ಜುನಪ್ಪಗಽ ಕೊಟ್ಟು ಬರ್ತಿದ್ದ.

ಹೆಂಡತಿ ಗುಲ್ಜಾರಬಿಗೆ ಮಾತ್ರ ಇದು ಗಂಟಲದಾಗಿನ ಮುಳ್ಳು. "ಬೆಂಕಿ ಹಿತ್ತಲದಾಗ, ಹತ್ತಿ ಪಡಸಾಲ್ಯಾಗ, ನಡುವ ನಾ ಕಾವಲ ಕುಂಡ್ರಬೇಕು. ಅಲ್ರಿ, ನಿಮಗ ಬ್ಯಾರೆ ಏನೂ ಚಟ ಸಿಗಲಿಲ್ಲೇನು? ಎಲಿ-ಅಡಕಿ ತಿನ್ನಬಾರದ ಮಂದಿಯಂಗ?" ಅಂತ ಆಕಿ ಬೈದು ಬೈದು ಬ್ಯಾಸತ್ತು, ಕಡೀಕ ಒಂದು ಕಟ್ಟು ಮಾಡಿದಳು. ಕುಲುಮಿಯಿಂದ ಎದ್ದಾವ ಕೈಕಾಲು ತೊಳಕೊಂಡು, ಧೋತರ-ಅಂಗಿ ಬದಲಿ ಮಾಡಿನಽ ಹತ್ತಿ ಇದ್ದಲ್ಲಿ ಕಾಲಿಡಬೇಕು. ಮಲ್ಲಿಕಸಾಬ ಒಪ್ಪಿದ. ಖರೇ ಹೇಳಬೇಕಂದ್ರ, ಒಂದು ದಿನ ಬಿಟ್ಟು ಉಳದ ಎಲ್ಲಾ ದಿನ ಆ ಕಟ್ಟು ಪಾಲಸಿದ.

ಅವಗ ಒಂದು ಕೊಡ್ಲಿ ಮಾಡಬೇಕಂತ ಭಾಳ ಆಸೆ. "ಕುಡಗೋಲು ಯಾವಾವರ ಬಡೀತಾನ, ಕೊಡ್ಲಿ ಮಾಡಿದಾವಽ ಕಮ್ಮಾರ" ಅಂತ ಅರ್ಜುನಪ್ಪ ಒಮ್ಮೆ ಅಂದಿದ್ದು ಎದ್ಯಾಗ ನಟ್ಟಿತ್ತು. ಕೊಡ್ಲಿ ಅಂದ್ರ ಹುಡುಗಾಟ ಅಲ್ಲ. ಕಬ್ಬಿಣದ ಪಟ್ಟಿ ಕಾಸಿ ಮಡಚಿ, ಹಿಡಿಕಿ ತೂರಾಕ ಕಣ್ಣು ಬಿಡಬೇಕು. ಕಡಿಯೂ ಬಾಯಾಗ ಉಕ್ಕಿನ ತುಂಡು ಸಿಗಸಿ, ಬೆಳ್ಳಗಾಗೂ ಮಟಾ ಕಾಸಿ, ಎರಡೂ ಒಂದಾಗೂ ಹಂಗ ಬಡೀಬೇಕು. ಅದಾದ ಮ್ಯಾಲೆ ಹದ. ಹದಕ್ಕ ಬಾಯಿ ಅಷ್ಟಽ ನೀರಿಗೆ ಅದ್ದಬೇಕು, ಬೆನ್ನು ಬಿಸಿನಽ ಇರಬೇಕು. ಬೆನ್ನಿನ ಬಿಸಿ ನಿಧಾನಕ ಬಾಯಿಗೆ ಇಳದು ಬಣ್ಣ ತಿರಗತೈತಿ, ಮೊದಲ ಒಣಹುಲ್ಲಿನ ಬಣ್ಣ, ಆಮ್ಯಾಲೆ ಬದನಿಕಾಯಿ ಬಣ್ಣ. ಬದನಿಕಾಯಿ ಕಂಡ ಕೂಡ್ಲೆ ಮತ್ತ ಬಾಯಿ ಅಷ್ಟಽ ನೀರಿಗೆ. ಲಗೂ ಆದ್ರ ಬಾಯಿ ಸಿಡೀತೈತಿ, ತಡಾ ಆದ್ರ ಮಣೀತೈತಿ. ಮಲ್ಲಿಕಸಾಬನ ಕೊಡ್ಲಿ ಒಂದು ಬಿರೀತು, ಇನ್ನೊಂದರ ಉಕ್ಕು ಕಳಚಿ ಬಿತ್ತು. ಅರ್ಜುನಪ್ಪ ಎತ್ತಿ ನೋಡಿ, "ಇದರಿಂದ ಬೆಣ್ಣಿ ಕಡೀಲಿಕ್ಕೆ ಹೋದ್ರ ಬೆಣ್ಣಿ ನಗತೈತಿ" ಅಂದ.

ಉಪ್ಪಿನ ಚಳವಳಿ ಆದ ಮರುವರ್ಷದ ಮಾತು. ಎರಡು ಓಣಿ ಆಚೆ ದುರಗವ್ವನ ಮಗಳು ಫಕೀರವ್ವ ಗರಗದ ಗಂಡನ ಮನಿಯಿಂದ ಚೊಚ್ಚಿಲ ಬಾಣಂತನಕ್ಕ ಬಂದಿದ್ದಳು. ದುರಗವ್ವ ಅಂದ್ರ ಊರಿಗೆಲ್ಲಾ ಬೇಕಾದ ಮುದುಕಿ. ಯಾರ ಮನ್ಯಾಗ ಕೂಸು ಹುಟ್ಟಿದ್ರೂ ಎಣ್ಣಿ ಹಚ್ಚಿ ನೀರು ಎರಿಯಾಕ ಆಕಿನಽ ಬರಬೇಕು. ಲಿಂಗವಂತರ ಮನಿ, ಕುರುಬರ ಮನಿ, ಸಾಬರ ಮನಿ ಅಂತ ಭೇದ ಇಲ್ಲ. ಮಲ್ಲಿಕಸಾಬನ್ನೂ ಹುಟ್ಟಿದಾಗ ಆಕಿನಽ ತನ್ನ ಕಾಲ ಮ್ಯಾಲೆ ಹಾಕ್ಕೊಂಡು ಎರದಿದ್ದಳು. ಕೂಸು ಹುಟ್ಟೂಕಿಂತ ಮೊದಲ ಕುಲಾಯಿ ಹೊಲಿಸಬಾರದು ಅನ್ನೂ ಮಾತನ್ನ ಆಕಿ ಕಟ್ಟುನಿಟ್ಟ ಪಾಲಸಾಕಿ. ಅದಕ್ಕಽ ಗಾದಿ ಇಲ್ಲ, ದಿಂಬ ಇಲ್ಲ, ಏನೂ ತಯಾರ ಇರಲಿಲ್ಲ. ಫಕೀರವ್ವ ದಿನಾ ತುಂಬೂಕಿಂತ ಮೊದಲ ಹಡದಳು. ಮರುದಿನ ಮುಂಜಾನೆ ದುರಗವ್ವನ ಮಗ ಶಿದ್ದಪ್ಪ ಹತ್ತಿ ಗಂಟು ಹೊತ್ಕೊಂಡು ಮಲ್ಲಿಕಸಾಬನ ಮನಿಗೆ ಓಡಿ ಬಂದ.

"ಗಂಡುಕೂಸು ಮಲ್ಲಿಕಸಾಬ! ಸಂಜಿಗೆ ಗಾದಿ ಬೇಕು ನೋಡಪಾ. ಬಾಣಂತಿ ಬರೇ ಹೊರಸಿನ ಮ್ಯಾಲೆ ಮಲಗ್ಯಾಳ."

ಮಲ್ಲಿಕಸಾಬ ಊಟ ಬಿಟ್ಟು ಹಿಂಜಿದ. ಮಧ್ಯಾಹ್ನ ಇಳಿಯೂದರಾಗ ಪಡಸಾಲ್ಯಾಗ ಹಿಂಜಿದ ಹತ್ತಿ, ಅಂದ್ರ ಅರಳಿ, ಮೊಣಕಾಲ ಎತ್ತರ ಎದ್ದು ನಿಂತಿತ್ತು. ಗುಲ್ಜಾರಬಿ ಗಾದಿ ಅರಿವಿ ಹೊಲಿಯಾಕತ್ತಿದ್ದಳು, ಆಕಿ ಹೊಲಿಗಿ ಮುಗಿಯೂ ಮಟಾ ಅವಗ ಕೈ ಖಾಲಿ. ಕೈ ಖಾಲಿ ಇದ್ದ ಹುಚ್ಚ ಸುಮ್ಮನ ಕುಂಡ್ರತಾನೇನು? ಹಿಂದಿನ ದಿನ ಬಡದಿಟ್ಟ ಕೊಡ್ಲಿಗೆ ಹದ ಹಾಕೂದೊಂದು ಬಾಕಿ ಇತ್ತು. ಹಿತ್ತಲಕ್ಕ ಹೋಗಿ ಕೆಂಡ ಊದಿದ.

ಅವತ್ತು ಎಲ್ಲಾ ಕೂಡಿ ಬಂತು. ಕಾಸಿದ, ಬಾಯಿ ಅದ್ದಿದ, ಹುಲ್ಲಿನ ಬಣ್ಣ ಬಂತು, ಅದರ ಬೆನ್ನಿಗೆ ಬದನಿಕಾಯಿ ಬಂತು, ಮತ್ತ ಅದ್ದಿದ. ಬಾಯಿ ಬಿರೀಲಿಲ್ಲ, ಉಕ್ಕು ಬಿಡಲಿಲ್ಲ. ಹೆಬ್ಬೆರಳಿಂದ ಬಾಯಿ ಮುಟ್ಟಿ ನೋಡಿದ. ತಣ್ಣಗಿತ್ತು. ಉಗುರಿನ ಮ್ಯಾಲೆ ಎಳದ, ಸಣ್ಣ ಪುಡಿ ಎದ್ದಿತು. ಯಾ ಅಲ್ಲಾ! ಮೂವತ್ತು ದಾಟಿದ ಗಂಡಸು ಹಿತ್ತಲದಾಗ ಕುಣದೇಬಿಟ್ಟ. ಇಕ್ಕಳದಾಗ ಕೊಡ್ಲಿ ಹಿಡಕೊಂಡು, ಕೈಕಾಲೂ ತೊಳೀದ, ಅಂಗೀನೂ ಬಿಚ್ಚದ ಒಳಗ ಓಡಿದ. "ಏ ಗುಲ್ಜಾರ, ಆತು ನೋಡ, ಆತು!"

ಪಿಂಜಾರನ ಮನ್ಯಾಗ ಜ್ವಾಕಿಯಿಂದ ಇಡಬೇಕಾದ್ದು ಏನಽ ಇದ್ರೂ, ಕಂದೀಲ ಗಾಜು ಇರಲಿ, ಕೋಳಿ ತತ್ತಿ ಇರಲಿ, ಇಡೂದು ಅರಳಿ ಮ್ಯಾಲೆ. ಅವನ ಕೈಗೆ ಅದಽ ರೂಢಿ. ಕೈ ತನ್ನ ರೂಢಿ ಮಾಡಿತು. ಹೊಸಾ ಬಾಯಿಗೆ ಎಲ್ಲಿ ನೆಲದ ಪೆಟ್ಟು ಬೀಳತೈತೋ ಅಂತ ಕೊಡ್ಲಿನ ಅರಳಿ ಮ್ಯಾಲೆ ಮಲಗಿಸಿದ. ಬಾಯಿ ತಣ್ಣಗಿತ್ತು, ಬೆನ್ನು ಇನ್ನಾ ಸುಡತಿತ್ತು.

ಗುಲ್ಜಾರಬಿ ಚೀರಿದಳು. ಅವ ಗಾಬರಿಯಾಗಿ ಇಕ್ಕಳದಿಂದ ಎತ್ತಿದ. ಅರಳಿ ಮ್ಯಾಲೆ ಅಂಗೈ ಅಗಲ ಕಂದಿದ ಕಲಿ, ಅಷ್ಟಽ. ಕಿಡಿ ಇಲ್ಲ, ಹೊಗಿ ಇಲ್ಲ. ಆಕಿ ಬೈತಾ ಬೈತಾ ಕಂದಿದ್ದನ್ನೆಲ್ಲಾ ಕಿತ್ತು ಹಿತ್ತಲಕ್ಕ ಒಗದಳು. "ನಿಮ್ಮ ಕೊಡ್ಲಿಗೆ ಬೆಂಕಿ ಹಾಕ" ಅಂದಳು. ದೀಪ ಹಚ್ಚೂ ಹೊತ್ತಿಗೆ ಗಾದಿ ತುಂಬಿ, ಹೊಲದು, ದುರಗವ್ವನ ಮನಿಗೆ ಮುಟ್ಟಿಸಿ ಬಂದ್ರು.

ಬಾಣಂತಿ ಖೋಲಿ ಅಂದ್ರ ಹೆಂಗಿರತೈತಿ, ಹೇಳೂದು ಬ್ಯಾಡ. ಕಿಡಕಿ ಬಂದ್, ಮೂಲ್ಯಾಗ ಲೋಬಾನದ ಹೊಗಿ, ಹೊರಸಿನ ಬುಡಕ ಕೆಂಡದ ಅಗ್ಗಿಷ್ಟಿಗಿ. ಅಲ್ಲಿ ಹೊಗಿ ವಾಸನಿ ಬಂದ್ರ ಯಾರು ಯಾಕ ಕೇಳ್ತಾರ? ಮರುದಿನ ಮುಂಜಾನೆ ದುರಗವ್ವ ಕೂಸಿಗೆ ಎರದು, ತಾಯಿ ಮಗ್ಗಲಕ ಮಲಗಿಸಿ, ಹೊಸಾ ಕೆಂಡ ಹಾಕಿ ಬಂದಳು. ಎರಕೊಂಡ ಬಾಣಂತಿಗೆ ಜೋಂಪು ಹತ್ತಿತ್ತು. ಸ್ವಲ್ಪ ಹೊತ್ತಿಗೆ ಆ ಖೋಲಿಯಿಂದ ಎದ್ದ ಚೀರಾಟ ಇಡೀ ಓಣಿಗೆ ಕೇಳಿಸಿತು.

ಮಲ್ಲಿಕಸಾಬ ಓಡಿ ಹೋಗೂದರಾಗ ಗಾದಿನ ಅಂಗಳಕ್ಕ ಎಳದು ಕೊಡ ಕೊಡ ನೀರು ಸುರದಿದ್ರು. ಫಕೀರವ್ವನ ತೋಳು ಸುಟ್ಟಿತ್ತು. ಕೂಸಿನ ಎಡಗಾಲು ಮೊಣಕಾಲಿಂದ ಹಿಮ್ಮಡದ ಮಟಾ ಸುಟ್ಟಿತ್ತು. ಮೊಮ್ಮಗನ್ನ ನೋಡಾಕಂತ ಅದಽ ಆಗ ಗಾಡಿ ಇಳದಿದ್ದ ಗರಗದ ಬೀಗತಿ ನಡುಅಂಗಳದಾಗ ನಿಂತು ಕೇಳಿದಳು, "ಹೊರಸಿನ ಬುಡಕ ಕೆಂಡ ಇಟ್ಟಾಕಿ ಯಾರು?"

"ನಾನಽ ಯವ್ವಾ" ಅಂದಳು ದುರಗವ್ವ.

ಮುಗೀತಲ್ಲ! ಇನ್ನ ಯಾರು ಏನು ಹುಡುಕಬೇಕು? "ಇನ್ನ ಮ್ಯಾಲೆ ಈ ಮುದುಕಿ ನಮ್ಮ ಕೂಸಿಗೆ ಕೈ ಹಚ್ಚಬಾರದು" ಅಂತ ಬೀಗತಿ ಅಂದಳು, ಯಾರೂ ಎದುರಾಡಲಿಲ್ಲ.

ಮಲ್ಲಿಕಸಾಬ ಮನಿಗೆ ಬಂದು ಹಿತ್ತಲಕ್ಕ ಹೋದ. ಗುಲ್ಜಾರಬಿ ಒಗದಿದ್ದ ಅರಳಿ ಬಿದ್ದಲ್ಲಿ ಬಿಳೇ ಬೂದಿ ಇತ್ತು. ಒಗಿಯೂ ಮುಂದ ಅದು ಬರೇ ಕಂದಿತ್ತು, ಅದಕ್ಕ ಯಾರೂ ಬೆಂಕಿ ಹಚ್ಚಿರಲಿಲ್ಲ. ಹತ್ತಿ ಒಳಗ ಹೊಕ್ಕ ಬಿಸಿ ಕಣ್ಣಿಗೆ ಕಾಣದಂಗ ಒಂದೊಂದಽ ಎಳಿ ತಿನ್ಕೋತ ಹೋಗತೈತಿ ಅಂತ ಪಿಂಜಾರಗ ಗೊತ್ತಿರಬೇಕಿತ್ತು. ಅವ ಅಲ್ಲೇ ಕುಸದು ಕುಂತ. ಗುಲ್ಜಾರಬಿ ಹಿಂದ ಬಂದು ನಿಂತಳು, ಬೂದಿ ನೋಡಿದಳು, ತಿಳಕೊಂಡಳು.

"ಹೇಳಬ್ಯಾಡ್ರಿ" ಅಂದಳು ಸಣ್ಣ ದನಿಯಾಗ. "ಕೂಸು ಉಳದೈತಿ. ಮುದುಕಿ ನಾಕು ದಿನ ಬೈಸ್ಕೊಂಡು ಬಿಡ್ತಾಳ. ನೀವು ಹೇಳಿದ್ರ ನಾಳಿಂದ ನಮಗ ಯಾರು ಹತ್ತಿ ಕೊಡ್ತಾರ? ಏನು ತಿನ್ನೋಣು?"

ಅವ ಹೇಳಲಿಲ್ಲ. ಇವತ್ತು ಹೇಳೇನು, ನಾಳೆ ಹೇಳೇನು ಅಂದ್ಕೊಂತ ದಿನಾ ದೂಡಿದ. ಕೂಸಿನ ಗಾಯ ಮಾಯಿತು. ಆದ್ರ ನಾಕು ದಿನದ ಬೈಗುಳ ಅಲ್ಲ ಅದು. ದುರಗವ್ವ ತನ್ನ ಮನಿ ಕಟ್ಟಿ ಮ್ಯಾಲೆ ಕುಂತಿರತಿದ್ದಳು, ಒಳಗ ಕೂಸು ಅತ್ರೂ ಏಳತಿರಲಿಲ್ಲ. ಕೂಸಿನ ತೊಟ್ಟಲಾಗ ಹಾಕಿದ್ದು ಬ್ಯಾರೆಯವರು, ದಿನಾ ಎರದದ್ದು ಅಲ್ಲೇ ಉಳದ ಬೀಗತಿ. ಊರಾಗ ಮತ್ತೊಂದು ಮನ್ಯಾಗ ಕೂಸು ಹುಟ್ಟಿತು, ಆಕಿಗೆ ಕರೆ ಬರಲಿಲ್ಲ. "ಕೂಸು ಸುಟ್ಟಾಕಿ" ಅಂತ ಸಣ್ಣ ಹುಡುಗರೂ ಅನ್ನಾಕ ಹತ್ತಿದ್ರು. ಮಲ್ಲಿಕಸಾಬ ಆ ಓಣಿ ಬಿಟ್ಟು ಸುತ್ತ ಹಾಕಿ ಅಡ್ಡಾಡತಿದ್ದ. ಬಿಲ್ಲು ಮಿಡಿಯೂ ಕೈ ನಡುವಽ ನಿಂತು ಬಿಡತಿತ್ತು. ತನ್ನ ಮೈಗೆ ಎಣ್ಣಿ ಹಚ್ಚಿದ ಕೈಗೆ ತಾನು ಮಸಿ ಹಚ್ಚೇನಿ ಅನ್ನೂದು ಅವನ ಎದ್ಯಾಗ ಕುಂತುಬಿಟ್ಟಿತ್ತು. ಕೊಡ್ಲಿ ಅಟ್ಟದ ಮ್ಯಾಲೆ ಬಿದ್ದಿತ್ತು, ಅದಕ್ಕ ಹಿಡಿಕಿ ಸೈತ ಹಾಕಿರಲಿಲ್ಲ.

ಐದನೇ ತಿಂಗಳದಾಗ ಫಕೀರವ್ವನ್ನ ಕರಕೊಂಡು ಹೋಗಾಕ ಗರಗದಿಂದ ಗಾಡಿ ಬಂತು. ಕೂಸು ಗರಗ ಸೇರಿದ್ರ ಬೀಗತಿ ಮತ್ತ ದುರಗವ್ವಗ ಅದರ ಮುಖಾನೂ ತೋರಸೂದಿಲ್ಲ, ಇದು ಊರಿಗೆಲ್ಲಾ ಗೊತ್ತಿತ್ತು. ಮಲ್ಲಿಕಸಾಬ ಬಿಲ್ಲು ಕೆಳಗಿಟ್ಟು ಎದ್ದ. ಗುಲ್ಜಾರಬಿ ಬಾಗಲಿಗೆ ಅಡ್ಡ ನಿಂತಳು, ಅವನ ಮುಖಾ ನೋಡಿ ಸರದಳು.

ಶಿದ್ದಪ್ಪನ ಅಂಗಳದಾಗ ಎಲ್ಲಾರ ಮುಂದ ಹೇಳಿದ. ಹದ, ಬೆನ್ನಿನ ಬಿಸಿ, ಅರಳಿ, ಬೂದಿ, ಒಂದೂ ಬಿಡಲಿಲ್ಲ. ಹೇಳಿ ಮುಗಸಿ, ಈಗ ಬೈತಾರ, ಬಡೀತಾರ ಅಂತ ತಲಿ ಬಗ್ಗಿಸಿ ನಿಂತ.

ಯಾರೂ ನಂಬಲಿಲ್ಲ!

"ನಿನ್ನ ಮನಸು ದೊಡ್ಡದು ಮಲ್ಲಿಕಸಾಬ" ಅಂದ ಶಿದ್ದಪ್ಪ, ಕಣ್ಣಾಗ ನೀರು ತಂದು. "ನಮ್ಮವ್ವನ ಸಲುವಾಗಿ ಮೈಮ್ಯಾಲೆ ಹಾಕ್ಕೊಳಾಕ ಬಂದಿ."

"ಸಂಜಿಮುಂದ ತುಂಬಿದ ಗಾದಿ ಮರುದಿನ ಮುಂಜಾನೆ ಉರೀತೈತೇನು?" ಅಂತ ಬೀಗತಿ ನಕ್ಕಳು. "ಗಬ್ಬೂರಿನವರು ಭಾರಿ ಕತಿ ಕಟ್ಟತೀರಿ ಬಿಡ್ರಿ."

ದುರಗವ್ವ ಕಟ್ಟಿ ಮ್ಯಾಲಿಂದ ಅಂದಳು, "ನನ್ನ ಪಾಪ ನಿನ್ನ ತಲಿಗೆ ಯಾಕೋ ಯಪ್ಪಾ? ಕೆಂಡ ಇಟ್ಟಾಕಿ ನಾನು. ಮನಿಗೆ ಹೋಗು."

ಖರೇ ಹೇಳಿದಾವಗ ಶಾಭಾಸ ಅಂದ್ರ ಅವನ ಗತಿ ಏನು? ಮಲ್ಲಿಕಸಾಬಗ ಮೈ ಉರೀತು. "ನಂಬೂದಿಲ್ಲಲ್ಲ? ಹಂಗಾರ ನಿಮ್ಮ ಕಣ್ಣ ಮುಂದ ಮಾಡಿ ತೋರಸ್ತೀನಿ. ಅಲ್ಲೀ ಮಟಾ ಗಾಡಿ ಬಿಡಬ್ಯಾಡ್ರಿ, ನಿಮ್ಮ ಕಾಲು ಬೀಳ್ತೀನಿ" ಅಂತ ಹೇಳಿ, ಅಟ್ಟದ ಮ್ಯಾಲಿನ ಕೊಡ್ಲಿ ತಗೊಂಡು ಅರ್ಜುನಪ್ಪನ ಕುಲುಮಿಗೆ ಹೋದ. ಮಂದಿ ಬೆನ್ನು ಹತ್ತಿತು, ಬೀಗತಿನೂ ಬಂದಳು.

ಅರ್ಜುನಪ್ಪ ಎಲ್ಲಾ ಕೇಳಿ ಹಣಿ ಬಡಕೊಂಡ. "ಬಿಸಿ ಕಬ್ಬಿಣನ ಹತ್ತಿ ಮ್ಯಾಲೆ ಇಡಾಕ ಯಾವ ಕಮ್ಮಾರನ ಮನ್ಯಾಗೂ ಹತ್ತಿ ಇರೂದಿಲ್ಲ. ಯಾವ ಪಿಂಜಾರನ ಕೈಯಾಗೂ ಬಿಸಿ ಕಬ್ಬಿಣ ಇರೂದಿಲ್ಲ. ಎರಡೂ ಆದಾವ ನೀ ಒಬ್ಬನಽ ನೋಡಲೇ, ಮೂರ್ಖ! ತಪ್ಪು ನಂದು, ಅವತ್ತ ನಿನ್ನ ಹೊರಗ ದಬ್ಬಬೇಕಿತ್ತು." ಅಂದ್ರೂ ಕೊಡ್ಲಿ ಇಸಗೊಂಡು ತಾನಽ ಕಾಸಿದ. ಬಾಯಿ ಅದ್ದಿ, ಬಣ್ಣ ನೋಡಿ, ಮತ್ತ ಅದ್ದಿ, ಬೀಗತಿ ಮುಂದ ಹಿಡದ. ಆಕಿ ಕೊಡ್ಲಿ ಬಾಯಿ ಮುಟ್ಟಿ, ತಣ್ಣಗೈತಿ ಅಂದಳು. ಮಲ್ಲಿಕಸಾಬ ತಂದಿದ್ದ ಅರಳಿ ಮ್ಯಾಲೆ ಅರ್ಜುನಪ್ಪ ಒಂದು ಉಸರಿನ ಹೊತ್ತು ಅದನ್ನ ಇಟ್ಟು ಎತ್ತಿದ. ಅದಽ ಕಂದಿದ ಕಲಿ. ಕಂದಿದ್ದನ್ನ ಕಿತ್ತು ಒಗದು, ಉಳದದ್ದನ್ನ ದಿಂಬಿಗೆ ತುಂಬಬೇಕಿತ್ತು.

"ಇಲ್ಲಿ ಕೊಡ್ರಿ, ಅವತ್ತೂ ನಾನಽ ಹೊಲದಿದ್ದೆ" ಅಂತ ಗುಲ್ಜಾರಬಿ ಮಂದ್ಯಾಗಿಂದ ಸೂಜಿ ಹಿಡಕೊಂಡು ಬಂದಳು. ಒಂದೊಂದು ಹೊಲಿಗಿಗೂ ತಮ್ಮ ಅನ್ನದ ಬಾಯಿ ತಾನಽ ಹೊಲಿಯಾಕತ್ತೇನಿ ಅಂತ ಆಕಿಗೆ ಗೊತ್ತಿತ್ತು. ಆಕಿ ಅಂಜಿದ್ದು ಸುಳ್ಳಾಗಲಿಲ್ಲ, ಅದನ್ನ ಇಲ್ಲೇ ಹೇಳಿಬಿಡ್ತೀನಿ. ಅವತ್ತಿನಿಂದ ಗಬ್ಬೂರಾಗ ಯಾರೂ ಮಲ್ಲಿಕಸಾಬನ ಕೈಯಾಗ ಹತ್ತಿ ಕೊಡಲಿಲ್ಲ. ಮುಂದಿನ ಯುದ್ಧದ ಕಾಲದ ಮಟಾ ಅವ ಹುಬ್ಬಳ್ಳಿ ಅರಳಿ ಪ್ಯಾಟ್ಯಾಗ ಬ್ಯಾರೆಯವರ ಹತ್ತಿ ಅಂಡಿಗಿ ಹೊತ್ತು, ಬೆನ್ನು ಬಾಗಿಸ್ಕೊಂಡು ಬದುಕಿದ. ಹಿತ್ತಲದ ಕುಲುಮ್ಯಾಗ ಗುಲ್ಜಾರಬಿ ಬದನಿ ಗಿಡಾ ಹಚ್ಚಿದಳು.

ದಿಂಬನ್ನ ಶಿದ್ದಪ್ಪನ ಮನಿ ಕಟ್ಟಿ ಮ್ಯಾಲೆ ಇಟ್ರು. ಮಂದಿ ಕುಂತಿತು. ಏನೂ ಆಗಲಿಲ್ಲ. ಮಂದಿ ಎದ್ದು ಹೋಗಿ ಉಂಡು ಬಂತು. ಏನೂ ಆಗಲಿಲ್ಲ. ಯಾರೋ ಒಬ್ಬ, "ದಿಂಬ ಛಲೋ ಆಗೇತಿ, ಒಂದು ನಿದ್ದಿ ಹೊಡೀಲೇನು?" ಅಂದ, ನಾಕು ಮಂದಿ ನಕ್ರು. ಮಲ್ಲಿಕಸಾಬ ಮಾತ್ರ ಕಣ್ಣು ತೆಗೀಲಿಲ್ಲ. ಬೆಂಕಿ ಹತ್ತಲಿ, ಯಾ ಅಲ್ಲಾ, ಹತ್ತಲಿ ಅಂತ ಬೇಡಿದ. ಬೇಡತಾ ಬೇಡತಾ ಇನ್ನೊಂದು ವಿಚಾರ ತಲ್ಯಾಗ ಹೊಕ್ಕಿತು. ಹತ್ತದಿದ್ರ? ಹತ್ತದಿದ್ರ ಪಾಪ ತನ್ನದಲ್ಲ! ಬೆಂಕಿ ಖರೇನಽ ಕೆಂಡದ್ದು! ಐದು ತಿಂಗಳಿಂದ ಎದಿ ಮ್ಯಾಲೆ ಇದ್ದ ಕಲ್ಲು ಇಳದಂಗ ಆತು. ಆಗ ಕಟ್ಟಿ ತುದಿಗೆ ಗ್ವಾಡಿ ಕಡೆ ಮುಖಾ ಮಾಡಿ ಕುಂತ ದುರಗವ್ವ ಕಣ್ಣಿಗೆ ಬಿದ್ದಳು. ತನಗ ಎಂಥಾ ಆಸೆ ಬಂತಲ್ಲ ಅಂತ ಅವಗ ಹೇಸಿಗಿ ಅನಸ್ತು.

ಹೊತ್ತು ವಾಲಿತು. ಬೀಗತಿ ಎತ್ತು ಹೂಡಾಕ ಹೇಳಿದಳು. ಫಕೀರವ್ವ ಕೂಸಿನ ಎತ್ಕೊಂಡು ಹೊಸ್ತಲ ದಾಟಿ, ಕಟ್ಟಿ ಮುಂದ ಹಾದು ಹೋಗಾಕಿ ಗಕ್ಕನ ನಿಂತಳು. ಮುಖಾ ಬಿಳುಚಿತು.

"ಯಣ್ಣಾ... ಅವತ್ತಿನ ವಾಸನಿ. ಜೋಂಪಿನ್ಯಾಗ ಬಂದದ್ದು ಇದಽ ವಾಸನಿ."

ಶಿದ್ದಪ್ಪ ದಿಂಬ ಎತ್ತಿದ. ಮ್ಯಾಲಿನ ಅರಿವಿ ಸ್ವಚ್ಛ ಇತ್ತು. ಹೊಲಿಗಿ ಹರದು ತೆರದ. ಒಳಗ ಕೆಂಪಗಿತ್ತು. ಗಾಳಿ ಹತ್ತಿದ ಕೂಡ್ಲೆ ಹೊಗಿ ಭಗ್ ಅಂತ ಎದ್ದಿತು, ಅವ ದಿಂಬ ಅಂಗಳಕ್ಕ ಒಗದ. ನಕ್ಕವರು ಯಾರೂ ನಗಲಿಲ್ಲ.

ದುರಗವ್ವ ಎದ್ದಳು. ಉರಿಯೂ ದಿಂಬಿನ ಒಮ್ಮೆ ನೋಡಿದಳು. ಸೀದಾ ಮಲ್ಲಿಕಸಾಬನ ಕಡೆ ಬಂದು, ಇದ್ದಬದ್ದ ಶಕ್ತಿಲೆ ಅವನ ಕಪಾಳಕ್ಕ ಬಾರಿಸಿದಳು. ಆಮ್ಯಾಲೆ ಬಲಗೈ ಬಿಚ್ಚಿ ಅವನ ಮುಖದ ಮುಂದ ಹಿಡದಳು. ಅಂಗೈ ತುಂಬ ಸುಟ್ಟ ಕಲಿ, ಹಳೇವು, ಹೊಸಾವು.

"ನೋಡೋ! ಈ ಕೈಲೆ ಕೆಂಡ ಇಟ್ಟೆ ಅಂತ, ಇದಽ ಕೈಯಾಗ ಕೆಂಡ ಹಿಡದೇನಿ. ಕೂಸಿಗೆ ಎಷ್ಟು ಉರದಿರಬೇಕು ತಿಳೀಲಿ ಅಂತ. ಐದು ತಿಂಗಳು ಎಲ್ಲಿ ಸತ್ತಿದ್ಯೋ ನನ್ನ ಹಾಟ್ಯಾ?"

ಆಕಿ ಉತ್ತರಕ್ಕ ಕಾಯಲಿಲ್ಲ, ಮಗಳ ಕಡೆ ತಿರಗಿ ಎರಡೂ ಕೈ ಚಾಚಿದಳು. "ಕೊಡವ್ವಾ." ಬೀಗತಿ ಮುಖಾ ತಿರುವಿದಳು, ಬ್ಯಾಡ ಅನ್ನಲಿಲ್ಲ. ಫಕೀರವ್ವ ಅಳಕೋತ ಕೂಸಿನ ಕೊಟ್ಟಳು.

ಕೂಸು ದುರಗವ್ವನ ಮುಖಾ ನೋಡಿತು. ತುಟಿ ಓರಿ ಮಾಡಿ, ಹೊಸಬರನ್ನ ಕಂಡಂಗ ಕಿಟ್ಟನ ಚೀರಿತು. ಆಕಿ ತೂಗಿದಳು, ನಾಲಿಗಿಲೆ ಲೊಟಗಿ ಹೊಡದಳು, ಊರಿನ ಕೂಸುಗಳನ್ನೆಲ್ಲಾ ಸುಮ್ಮನ ಮಾಡಿದ ಜೋಗುಳ ಅಂದಳು. ಅದು ಮೈ ಬಿಗಿ ಹಿಡದು, ಗರಗದ ಅಜ್ಜಿ ಕಡೆ ಕೈ ಚಾಚಿ ಅಳತಽ ಇತ್ತು. ಎತ್ತು ಹೂಡಿ ನಿಂತಿದ್ವು, ಹೊತ್ತು ಮುಳುಗೂದರೊಳಗ ಹುಬ್ಬಳ್ಳಿ ದಾಟಬೇಕಿತ್ತು. ದುರಗವ್ವ ಕೂಸಿನ ತಿರಗಿ ಕೊಟ್ಟಳು. ಮಲ್ಲಿಕಸಾಬ ಅದನ್ನೆಲ್ಲಾ ಅಲ್ಲೇ ನಿಂತು ನೋಡಿದ.